ಬೆಲ್ಲದ ಜೊತೆ ಒಂದು ಮಾರ್ಟಿನಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಮಜ್ಜಿಗೆಯ ಮನೆಯಲ್ಲಿ ಹುಟ್ಟಿ, ಮಜ್ಜಿಗೆ ಕುಡಿದು ಬೆಳೆದು, ಮಾರ್ಟಿನಿ ಮಾಡುವುದರಲ್ಲಿ ನನ್ನದು ಎತ್ತಿದ ಕೈ ಎಂದು ಹೆಣ್ಣು ಕೊಡಬೇಕಾದವರ ಎದುರಿಗೆ ಕೂತು ಕೊಚ್ಚಿಕೊಂಡವನು ನಾನು. ಯಾರಾದರೂ ಕೇಳಿದ್ದರೇ? ಇಲ್ಲ. ಕೇಳದೆ ಹೇಳುವುದು, ಹೇಳಿದ ಮೇಲೆ ಬೆವರುವುದು, ಇವೆರಡೂ ನನಗೆ ಹುಟ್ಟಿನಿಂದ ಬಂದ ವಿದ್ಯೆಗಳು.

ಇವತ್ತು ಬೆಳಿಗ್ಗೆ ಇದೆಲ್ಲ ನೆನಪಾಗಲು ಕಾರಣ ನಮ್ಮ ದೇವರ ಮಾಡ. ವಿಜಯವಾಡದ ನಮ್ಮ ಬಾಡಿಗೆ ಮನೆಯಲ್ಲಿ ಬೆಂಜ್ ಸರ್ಕಲ್ಲಿನ ವಾಹನಗಳ ಹಾರ್ನು ಸುಪ್ರಭಾತದ ಜೊತೆ ಜುಗಲ್‌ಬಂದಿ ನಡೆಸುತ್ತಿರುವಾಗ ಅವ್ವ ದೀಪ ಹಚ್ಚುತ್ತಿದ್ದಳು. ಎಡಕ್ಕೊಂದು ಬಲಕ್ಕೊಂದು ಗಾಜಿನ ದೀಪ. ತೆಳ್ಳಗಿನ ಉದ್ದ ಕಾಲು, ಮೇಲೆ ಬಾಯಿ ಅಗಲಿಸಿ ನಿಂತ ಬಟ್ಟಲು. ಅರ್ಧ ನೀರು, ನೀರಿನ ಮೇಲೆ ಎಣ್ಣೆ, ಎಣ್ಣೆಯ ಮೇಲೆ ತೇಲುವ ಬತ್ತಿ. ಮನೆಗೆ ಬಂದವರು ದೇವರಿಗೆ ಕೈಮುಗಿದು, ದೀಪದ ಕಡೆ ತಿರುಗಿ, "ಎಲ್ಲಿ ತಗೊಂಡ್ರಿ? ಭಾಳ ಚಂದ ಅವ" ಎನ್ನುತ್ತಾರೆ. "ನಮ್ಮ ಗುರ್ಯಾ ತಂದಾನ್ರಿ" ಎಂದು ಅವ್ವ ಅಲ್ಲಿಗೇ ಮಾತು ಮುಗಿಸುತ್ತಾಳೆ. ನಾನು ಕಿಟಕಿಯಾಚೆ ನೋಡುತ್ತೇನೆ.

ಅವು ಮಾರ್ಟಿನಿ ಗ್ಲಾಸುಗಳು.

ಗುರ್ಯಾ ಎಂದರೆ ಗುರುರಾಜ, ಅಂದರೆ ನಾನು. ಅಪ್ಪ ಧಾರವಾಡದವರು, ಬ್ಯಾಂಕಿನಲ್ಲಿ ಅಧಿಕಾರಿ. ವರ್ಗವಾಗಿ ಕೃಷ್ಣಾ ನದಿಯ ದಂಡೆಗೆ ಬಂದು ಬಿದ್ದಾಗ ನಾನು ಹೈಸ್ಕೂಲಿನಲ್ಲಿದ್ದೆ. ಈಗ ವಿಶಾಖಪಟ್ಟಣದ ಹತ್ತಿರ ಅಚ್ಯುತಾಪುರಂನ ಒಂದು ಕಾರ್ಖಾನೆಯಲ್ಲಿ ಸರಕು ಕಳಿಸುವ ವಿಭಾಗದಲ್ಲಿದ್ದೇನೆ. ದುವ್ವಾಡದಲ್ಲಿ ಒಂದು ಕೋಣೆ ಮಾಡಿಕೊಂಡಿದ್ದೇನೆ. ರಜೆ ಸಿಕ್ಕರೆ ರೈಲು ಹತ್ತಿ ವಿಜಯವಾಡಕ್ಕೆ ಬಂದು ಅವ್ವನ ಕೈಯ ಜೋಳದ ರೊಟ್ಟಿ ತಿಂದು ಹೋಗುತ್ತೇನೆ. ಇದು ನನ್ನ ಉದ್ಯೋಗ. ನನ್ನ ನಿಜವಾದ ಕಸುಬು ಬೇರೆ. ಪರರ ದನಿ ಕದಿಯುವುದು. ದುವ್ವಾಡ ಸ್ಟೇಷನ್ನಿನ ಧ್ವನಿವರ್ಧಕದಲ್ಲಿ ರೈಲು ತಡ ಎಂದು ಹೇಳುವ ಹೆಣ್ಣುಮಗಳ ಖುಷಿಯನ್ನು, ನಮ್ಮ ಮ್ಯಾನೇಜರು ದೊಡ್ಡ ಸಾಹೇಬರ ಫೋನೆತ್ತುವ ಮೊದಲು ಕುರ್ಚಿಯಲ್ಲೇ ಎದ್ದು ಕೂತು ಕೆಮ್ಮುವುದನ್ನು, ಅಪ್ಪ ತೆಲುಗಿನವರೊಡನೆ ಮಾತಾಡುವಾಗ ಪ್ರತಿ ಕನ್ನಡ ಪದದ ಬಾಲಕ್ಕೂ ಒಂದು ಗೌರವದ "ಅಂಡಿ" ಕಟ್ಟುವುದನ್ನು ನಾನು ಯಾವಾಗ ಬೇಕಾದರೂ ಮಾಡಿ ತೋರಿಸಬಲ್ಲೆ. ಬೈಸಿಕೊಂಡ ಮೇಲೆ ನನ್ನ ಮುಖ ಹೇಗಿರುತ್ತದೆ ಎಂಬುದನ್ನೂ ಮಾಡಿ ತೋರಿಸುತ್ತೇನೆ. ಅದಕ್ಕೇ ಹೆಚ್ಚು ಚಪ್ಪಾಳೆ.

ನಮ್ಮ ಮನೆಯ ಪಾನೀಯ ಸಂಸ್ಕೃತಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಲೋಟಕ್ಕೆ ತುಟಿ ತಾಗಿಸುವಂತಿಲ್ಲ. ಎಂಜಲು. ಲೋಟವನ್ನು ಮೇಲೆತ್ತಿ, ಕತ್ತು ಹಿಂದಕ್ಕೆ ಹಾಕಿ, ಧಾರೆಯನ್ನು ಬಾಯಿಗೆ ಬಿಟ್ಟುಕೊಳ್ಳಬೇಕು. ಧಾರವಾಡದ ಮನೆಯಲ್ಲಿ ನಮಗೆ ಅಕ್ಷರಾಭ್ಯಾಸಕ್ಕಿಂತ ಮೊದಲು ಆದದ್ದು ಈ ಅಭ್ಯಾಸ. "ಎತ್ತಿ ಕುಡಿ" ಎಂಬುದು ನನ್ನ ಕಿವಿಗೆ ಬಿದ್ದ ಮೊದಲ ಪೂರ್ತಿ ವಾಕ್ಯವಿರಬೇಕು. ಮೂಗಿನಲ್ಲಿ ನೀರು ಹೋಗಿ, ಕಣ್ಣಲ್ಲಿ ಬಂದು, ಅಂಗಿ ತೊಯ್ದು, ಅಜ್ಜಿ ಸೆರಗಿನಿಂದ ಒರೆಸಿ, ಮತ್ತೆ "ಎತ್ತಿ ಕುಡಿ". ದೊಡ್ಡಪ್ಪನ ಮಗ ಒಬ್ಬನಿದ್ದ, ಓಡುತ್ತ ಓಡುತ್ತ ಎತ್ತಿ ಕುಡಿಯುತ್ತಿದ್ದ. ಅವನನ್ನು ನಾವು ಪೈಲ್ವಾನನಂತೆ ಗೌರವಿಸುತ್ತಿದ್ದೆವು.

ಇನ್ನೊಂದು, ಬಂದವರಿಗೆ ಮೊದಲು ನೀರು ಮತ್ತು ಬೆಲ್ಲ. ಹೆಸರು ಕೇಳುವುದು ಆಮೇಲೆ. ಬಿಸಿಲಲ್ಲಿ ಬಂದವರ ಕೈಗೆ ಒಂದು ತುಣುಕು ಬೆಲ್ಲ, ಒಂದು ಲೋಟ ನೀರು ಬಿದ್ದ ಮೇಲೆಯೇ "ಯಾವ ಊರ್ರಿ?" ವಿಜಯವಾಡದ ಬಿಸಿಲು ಕಂಡ ಮೇಲಂತೂ ಅವ್ವ ಈ ಪದ್ಧತಿಗೆ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಂಡಳು. ಅದೂ ಲೋಟದ ಅಂಚಿನವರೆಗೆ ತುಂಬಿಸಿ. ಕಡಿಮೆ ತುಂಬಿಸಿ ಕೊಟ್ಟರೆ ಬಂದವರ ಮನಸ್ಸು ತುಂಬುವುದಿಲ್ಲವಂತೆ.

ಇನ್ನು ಅಪ್ಪನ ಮಜ್ಜಿಗೆ. ವಾರವಿಡೀ ಬ್ಯಾಂಕಿನಲ್ಲಿ ಸಹಿ ಹಾಕುವ ಮನುಷ್ಯ ರವಿವಾರ ಮಧ್ಯಾಹ್ನ ಬನಿಯನ್ನಿನಲ್ಲಿ ಕೂತು ಕಡಗೋಲು ಹಿಡಿದರೆಂದರೆ ಯಾರೂ ಮಾತಾಡುವಂತಿಲ್ಲ. "ಕಡಗೋಲು ತಿರುಗಬೇಕು, ಕುಣೀಬಾರದು" ಎನ್ನುತ್ತಾರೆ. ಒಗ್ಗರಣೆ ಬೀಳುವ ಸದ್ದಿನಿಂದಲೇ ಇಂಗು ಜಾಸ್ತಿಯೋ ಕಡಿಮೆಯೋ ಹೇಳುತ್ತಾರೆ. ಇದನ್ನು ನಾನು ಅಣಕಿಸಿ ಅಣಕಿಸಿ ಸವೆಸಿಬಿಟ್ಟಿದ್ದೆ. ಒಂದು ಪಾನೀಯಕ್ಕೆ ಇಷ್ಟು ಭಕ್ತಿ ತೋರುವ ಇನ್ನೊಬ್ಬ ಗಂಡಸು ಭೂಮಿಯ ಮೇಲೆ ಇರಲಾರ ಎಂದುಕೊಂಡಿದ್ದೆ. ಇದ್ದರು. ವಿಶಾಖಪಟ್ಟಣದಲ್ಲಿ, ಸಮುದ್ರ ಕಾಣುವ ಒಂದು ಮನೆಯ ಮೂರನೇ ಮಹಡಿಯಲ್ಲಿ.

ಅವರು ಹಾರಿಕಳ ಅಪ್ಪ. ಹಾರಿಕ ನಮ್ಮ ಕಾರ್ಖಾನೆಯ ಪರೀಕ್ಷಾಲಯದಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ಕ್ಯಾಂಟೀನಿನಲ್ಲಿ ನಾನು ಮ್ಯಾನೇಜರನ ಕೆಮ್ಮು ತೋರಿಸುತ್ತಿದ್ದಾಗ ಎಲ್ಲರೂ ನಕ್ಕರು, ಅವಳು ನಗಲಿಲ್ಲ. "ನಾಲ್ಕನೇ ಕೆಮ್ಮು ಇಷ್ಟು ಉದ್ದ ಇರಲ್ಲ" ಎಂದಳು, ಕನ್ನಡದಲ್ಲಿ! ಅವಳ ತಾಯಿ ಬಳ್ಳಾರಿಯವರು, ತಂದೆ ಇಲ್ಲಿಯ ತೆಲುಗರು. ಅವಳ ಕನ್ನಡ ಅಡುಗೆಮನೆಯಲ್ಲಿ ಹುಟ್ಟಿ ಅಲ್ಲೇ ಉಳಿದದ್ದು. ಪ್ರೀತಿ, ಸಿಟ್ಟು, ಉಪ್ಪು, ಹುಳಿ ಎಲ್ಲ ಕನ್ನಡದಲ್ಲಿ ಬರುತ್ತವೆ. ಉಳಿದ ಪ್ರಪಂಚವೆಲ್ಲ ತೆಲುಗಿನಲ್ಲಿ. ನನಗೆ ಅಷ್ಟು ಸಾಕಾಗಿತ್ತು.

ಅವಳ ಅಪ್ಪ, ಈಗ ನಾನು ಮಾವಯ್ಯ ಎಂದು ಕರೆಯುವವರು, ಜೀವಮಾನವೆಲ್ಲ ಹಡಗಿನಲ್ಲಿ ಇಂಜಿನಿಯರಾಗಿ ಕಳೆದು ದಡಕ್ಕೆ ಬಂದವರು. ಅವರ ಕನ್ನಡ ಹೆಂಡತಿಯಿಂದ ಕಲಿತದ್ದು, ಹಾಗಾಗಿ ಅರ್ಧ ಬೈಗುಳ. ರವಿವಾರ ಊಟಕ್ಕೆ ಮೊದಲು ಒಂದು ಮಾರ್ಟಿನಿ ಕುಡಿಯುತ್ತಾರೆ. ಒಂದು. ಅದರ ಹಿಂದಿಲ್ಲ, ಮುಂದಿಲ್ಲ. ನಾನು ಮೊದಲ ಬಾರಿ ಅವರ ಮನೆಗೆ ಹೋದದ್ದು ಅಂಥದೇ ಒಂದು ರವಿವಾರ.

ಮಾರ್ಟಿನಿ ಎಂದರೇನು ಎಂದು ಗೊತ್ತಿಲ್ಲದವರು ನನ್ನಂತೆ ಗೊತ್ತಿದ್ದವರ ಹಾಗೆ ತಲೆಯಾಡಿಸಬೇಡಿ. ಹೇಳುತ್ತೇನೆ. ಜಿನ್ ಎಂಬುದು ಕಾಡುಕಾಯಿಯ ಘಮವಿರುವ, ನೀರಿನಷ್ಟು ತಿಳಿಯಾದ ಮದ್ಯ. ವರ್ಮೂತ್ ಎಂಬುದು ಬೇರು, ತೊಗಟೆ, ಸೊಪ್ಪುಗಳನ್ನು ನೆನೆಹಾಕಿದ ದ್ರಾಕ್ಷಿಯ ಮದ್ಯ. ಅಜ್ಜಿಯ ಕಷಾಯ ವಿಲಾಯತಿಗೆ ಹೋಗಿ ಓದಿಕೊಂಡು ಬಂದ ಹಾಗೆ. ಜಿನ್ ಬಹಳ, ವರ್ಮೂತ್ ಸ್ವಲ್ಪ. ಎರಡನ್ನೂ ಮಂಜುಗಡ್ಡೆಯ ಮೇಲೆ ಹಾಕಿ ತಿರುವಿ, ಸೋಸಿ, ಒಂದು ಉಪ್ಪು ಆಲಿವ್ ಕಾಯಿ ಹಾಕಿದರೆ ಆಯಿತು. ಕೇಳಿದರೆ ಇಷ್ಟೇನಾ ಎನ್ನಿಸುತ್ತದೆ. ಮಜ್ಜಿಗೆ ಕೂಡ ಕೇಳಿದರೆ ಇಷ್ಟೇ.

ಮಾವಯ್ಯ ಉದ್ದ ಚಮಚ ಹಿಡಿದು ಜಾಡಿಯಲ್ಲಿ ತಿರುವುತ್ತಿದ್ದರು. ಸದ್ದಿಲ್ಲ. ನನಗೆ ಬನಿಯನ್ನಿನ ಅಪ್ಪ ಕಂಡು ನಗು ಬಂತು.

"ಯಾಕೆ ನಗ್ತೀಯ ಬಾಬೂ?"

"ಏನಿಲ್ಲ ಅಂಕಲ್. ಕುಲುಕಿದರೆ ಬೇಗ ಆಗ್ತಿತ್ತಲ್ಲಾ ಅಂತ."

"ಕುಲುಕಿದರೆ ಮಂಜು ಚೂರಾಗುತ್ತೆ, ಮೋಡ ಕವಿಯುತ್ತೆ. ಇದು ತಿಳಿಯಾಗಿ ಇರ್ಬೇಕು. ಬಂದರಿಗೆ ಹಡಗು ತರೋ ಹಾಗೆ, ಮೆಲ್ಲಗೆ." ಅವರು ಫ್ರೀಜರಿನಿಂದ ಗ್ಲಾಸು ತೆಗೆದರು. ಗಾಜಿನ ಮೇಲೆ ಬಿಳಿ ಹಬೆ ಹತ್ತಿತು. "ನೋಡು, ಚಳಿಗೆ ಗ್ಲಾಸು ನಡುಗಬೇಕು. ಕೊಡೋ ಕೈ ನಡುಗಬಾರದು."

ಆಮೇಲೆ ಒಂದೊಂದಾಗಿ ಹೇಳುತ್ತ ಹೋದರು. ಗ್ಲಾಸು ಚಿಕ್ಕದಿರಬೇಕು, ದೊಡ್ಡದಾದರೆ ಕೊನೆಯ ಗುಟುಕಿಗೆ ಬೆಚ್ಚಗಾಗಿ ಔಷಧಿಯಾಗುತ್ತದೆ. ಕಾಲು ಹಿಡಿದು ಎತ್ತಬೇಕು, ಬಟ್ಟಲಿಗೆ ಅಂಗೈ ತಾಗಬಾರದು. ಅಂಚಿನವರೆಗೆ ತುಂಬಿಸಬಾರದು, ಬಂದವನು ಹಸುವಿನ ಹಾಗೆ ಬಗ್ಗಿ ಹೀರುವಂತೆ ಮಾಡಿದರೆ ಅವನಿಗೆ ಅವಮಾನ. ಜೊತೆಗೆ ಉಪ್ಪುಪ್ಪಾದ ಏನಾದರೂ ಇರಬೇಕು. ಎಲ್ಲಕ್ಕಿಂತ ಮುಖ್ಯ, ಕಾಯಿಸಬಾರದು. "ಬಂದ, ಕೂತ, ಕೈಗೆ ಬಂತು. ಅದು ಮಾರ್ಟಿನಿ. ಕೇಳಿ ಕೇಳಿ ಕೊಟ್ಟರೆ ಅದು ಆಫೀಸು."

"ಇದರಲ್ಲಿ ಅಂಥಾದ್ದೇನಿದೆ ಅಂಕಲ್?" ಎಂದು ಕೇಳಿದೆ. ಅದೊಂದು ಪ್ರಶ್ನೆಯನ್ನು ಮಾತ್ರ ನಾನು ಆ ದಿನ ನಿಜವಾಗಿ ಕೇಳಿದ್ದು.

ಅವರು ಸಮುದ್ರದ ಕಡೆ ನೋಡಿದರು. "ಇಂಜಿನ್ ರೂಮಿನಲ್ಲಿ ಬೆಂಕಿ, ಎಣ್ಣೆ, ಸದ್ದು. ನಾಲ್ಕು ಗಂಟೆ ಮಾತಾಡೋಕೂ ಆಗಲ್ಲ, ಬರೀ ಕೈಸನ್ನೆ. ಡ್ಯೂಟಿ ಮುಗಿಸಿ ಮೇಲೆ ಬಂದು, ಸ್ನಾನ ಮಾಡಿ, ಬಿಳಿ ಅಂಗಿ ಹಾಕಿ ಕೂತರೂ ತಲೆಯೊಳಗೆ ಇಂಜಿನ್ ಓಡ್ತಾನೇ ಇರುತ್ತೆ. ಆಗ ಇದು. ತಣ್ಣಗೆ, ಸಿಹಿ ಇಲ್ಲ, ಬಣ್ಣ ಇಲ್ಲ, ಗುಳ್ಳೆ ಇಲ್ಲ. ಮೊದಲನೇ ಗುಟುಕಿಗೆ ಇಂಜಿನ್ ಆಫ್. ಎರಡನೇ ಗ್ಲಾಸು ಕುಡಿದರೆ ಮತ್ತೆ ಆನ್. ಅದಕ್ಕೇ ಒಂದು."

ಇಷ್ಟು ಒಳ್ಳೆಯ ಮಾತು ಕೇಳಿದ ಮೇಲೆ ಸುಮ್ಮನೆ ಕೂರುವುದು ಮನುಷ್ಯಧರ್ಮ. ನಾನು ಹೇಳಿದೆ: "ನಾನೂ ಮಾಡ್ತೇನೆ ಅಂಕಲ್. ಸುಮಾರು ಚೆನ್ನಾಗೇ ಬರುತ್ತೆ."

ಹಾರಿಕ ಅಡುಗೆಮನೆಯ ಬಾಗಿಲಲ್ಲಿ ನಿಂತಲ್ಲೇ ಕಣ್ಣು ಮುಚ್ಚಿಕೊಂಡಳು.

ಮಾವಯ್ಯ ಗ್ಲಾಸು ಕೆಳಗಿಟ್ಟರು. "ಹೌದಾ? ಒಳ್ಳೇದಾಯ್ತು. ನನಗೆ ಜಾತಕ ನೋಡೋಕೆ ಬರಲ್ಲ ಬಾಬೂ. ನನ್ನ ಹೆಂಡತಿ ನೋಡಿದಾಳೆ, ಕೂಡುತ್ತೆ ಅಂದಿದಾಳೆ. ನಾನು ನೋಡೋದು ಬೇರೆ. ಒಬ್ಬ ಮನುಷ್ಯ ಮನೆಗೆ ಬಂದವನ ಕೈಗೆ ಗ್ಲಾಸು ಹೇಗೆ ಕೊಡ್ತಾನೆ ಅಂತ ನೋಡ್ತೀನಿ. ಹೇಗೂ ಬರೋ ರವಿವಾರ ನಿಮ್ಮ ಮನೆಗೆ ಬರ್ತಿದ್ದೀವಲ್ಲ. ನಿನ್ನ ಕೈಯಲ್ಲೇ ಒಂದು ಕೊಡು. ಆಮೇಲೆ ಮಾತು."

ಮೆಟ್ಟಿಲಿಳಿಯುವಾಗ ಹಾರಿಕ ನನಗಿಂತ ಮುಂದೆ ದಡದಡ ನಡೆದಳು. ಎರಡನೇ ಮಹಡಿಯಲ್ಲಿ ಶುರುವಾಯಿತು.

"ನಿನ್ ಬಾಯಿಗೆ ಒಂದು ಸ್ವಿಚ್ಚು ಇಲ್ಲೇನೋ? ಒಂದೇ ಒಂದು ಸಲ ಕುಡಿದಿದ್ದೀಯಾ ಅದನ್ನ?"

"ವಾಸನೆ ನೋಡಿದೀನಿ. ಈಗಲೇ."

"ನಾನ್ನ ಹೂಂ ಅನ್ನದಿದ್ರೆ ನಾನು ಮನೆ ಬಿಟ್ಟು ಓಡಿಬರಲ್ಲ. ಈಗಲೇ ಹೇಳ್ತಿದ್ದೀನಿ." ನಾನ್ನ ಎಂದರೆ ಅವರ ಮನೆಯಲ್ಲಿ ಅಪ್ಪ. ನಾನು ಅವಳ ಅಪ್ಪನ ದನಿಯಲ್ಲಿ "ಗ್ಲಾಸು ನಡುಗಬೇಕು ಬಾಬೂ" ಎಂದೆ. ಅವಳು ನಗಲಿಲ್ಲ. ಅಣಕ ಸರಿಯಾಗಿಯೇ ಬಂದಿತ್ತು, ಅದೇ ಭಯವಾದದ್ದು.

ಆ ವಾರ ದುವ್ವಾಡದ ನನ್ನ ಕೋಣೆಯಲ್ಲಿ ನಾನು ಬರೀ ನೀರು ತಿರುವಿದೆ. ಚಹಾ ಅಂಗಡಿಯಿಂದ ತಂದ ಮಂಜುಗಡ್ಡೆ, ಸ್ಟೀಲಿನ ಡಬ್ಬಿ, ಸಾರಿನ ಸೌಟು. ಮಾವಯ್ಯನ ದನಿಯಲ್ಲಿ ನನಗೆ ನಾನೇ ಬೈದುಕೊಳ್ಳುತ್ತ ಅಭ್ಯಾಸ ಮಾಡಿದೆ. ನನ್ನ ಕೈ ನಡುಗುತ್ತಿತ್ತು, ಡಬ್ಬಿ ಆರಾಮಾಗಿತ್ತು. ಎದುರಿಗೆ ತಿರುವುತ್ತ ನಿಂತರೆ ಕಥೆ ಮುಗಿಯಿತೆಂದು ಅರ್ಥವಾದ ಮೇಲೆ ಬುದ್ಧಿ ಓಡಿಸಿದೆ. ಎಲ್ಲವನ್ನೂ ಮೊದಲೇ ಬೆರೆಸಿ, ಮಂಜು ಕರಗಿ ಎಷ್ಟು ನೀರು ಸೇರುತ್ತದೋ ಅಷ್ಟು ನೀರನ್ನೂ ಅಳೆದು ಹಾಕಿ, ಬಾಟಲಿಯನ್ನು ಫ್ರೀಜರಿನಲ್ಲಿಟ್ಟರೆ ಆಮೇಲೆ ಬಗ್ಗಿಸುವುದೊಂದೇ ಕೆಲಸ. ದೊಡ್ಡ ದೊಡ್ಡ ಹೋಟೆಲಿನವರೂ ಹೀಗೆ ಮಾಡುತ್ತಾರಂತೆ. ನನ್ನ ಜೀವನದಲ್ಲಿ ನನಗೆ ಹೊಳೆದ ಒಂದೇ ಒಳ್ಳೆಯ ಉಪಾಯ ಅದು.

ಶನಿವಾರ ವಿಜಯವಾಡಕ್ಕೆ ಬಂದೆ. ಬೆಂಜ್ ಸರ್ಕಲ್ಲಿನ ಹತ್ತಿರದ ಗಾಜಿನಂಗಡಿಯಲ್ಲಿ ಎರಡು ಮಾರ್ಟಿನಿ ಗ್ಲಾಸು ಸಿಕ್ಕವು. ಆಲಿವ್ ಸಿಗಲಿಲ್ಲ. ವಿಶಾಖಪಟ್ಟಣದಲ್ಲಿ ಕೊಂಡ ಜಿನ್, ವರ್ಮೂತ್ ಬೆರೆಸಿದ್ದನ್ನು ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಅವ್ವ ಸಂಜೆ ದೇವರ ಮುಂದೆ ಕೂತಿದ್ದಾಗ ಫ್ರೀಜರಿನ ಮೂಲೆಗೆ ಸೇರಿಸಿದೆ. ಗ್ಲಾಸುಗಳನ್ನು ಟವೆಲಿನಲ್ಲಿ ಸುತ್ತಿ ಹಸಿ ಬಟಾಣಿಯ ಚೀಲದ ಹಿಂದೆ ಇಟ್ಟೆ. ಯೋಜನೆ ಹೀಗಿತ್ತು. ಬೀಗರು ಬರುತ್ತಾರೆ, ಉಪಚಾರವಾಗುತ್ತದೆ, ಮಾವಯ್ಯನಿಗೆ ನನ್ನ ಪುಸ್ತಕ ತೋರಿಸುವ ನೆಪದಲ್ಲಿ ನನ್ನ ಕೋಣೆಗೆ ಕರೆದೊಯ್ಯುತ್ತೇನೆ, ಬಾಗಿಲು ಅರ್ಧ ಮುಚ್ಚುತ್ತೇನೆ, ಕೈ ನಡುಗದೆ ಕೊಡುತ್ತೇನೆ. ನನ್ನ ಕೋಣೆಯಲ್ಲಿ ತೋರಿಸುವಂಥ ಪುಸ್ತಕವೇ ಇಲ್ಲ ಎಂಬುದು ಆಮೇಲೆ ಹೊಳೆಯಿತು.

ರವಿವಾರ ಬೆಳಿಗ್ಗೆ ನಾನು ಅವರನ್ನು ಕರೆತರಲು ಸ್ಟೇಷನ್ನಿಗೆ ಹೋದೆ. ನಾನಿಲ್ಲದ ಆ ಒಂದು ತಾಸಿನಲ್ಲಿ ಅವ್ವ ಬಟಾಣಿಗೆಂದು ಫ್ರೀಜರು ತೆಗೆದಳು.

ಈಗ ನೀವೇ ಹೇಳಿ, ಒಬ್ಬ ಗೃಹಿಣಿ ಏನೆಂದು ತಿಳಿಯಬೇಕು? ರಾತ್ರಿಯಿಡೀ ಫ್ರೀಜರಿನಲ್ಲಿದ್ದ ಒಂದು ಬಾಟಲಿ ನೀರು ಗಡ್ಡೆ ಕಟ್ಟಿಲ್ಲ. ಮದ್ಯ ಮನೆಯ ಫ್ರೀಜರಿನಲ್ಲಿ ಗಡ್ಡೆ ಕಟ್ಟುವುದಿಲ್ಲ ಎಂಬ ಲೋಕಜ್ಞಾನ ಅವಳಿಗೆ ಬರುವುದಾದರೂ ಎಲ್ಲಿಂದ? ಅಲುಗಿಸಿದರೆ ಒಳಗೆ ಕುಲುಕುಲು ಎನ್ನುತ್ತದೆ. ಅವ್ವ ಒಂದೇ ಕ್ಷಣದಲ್ಲಿ ತೀರ್ಪು ಕೊಟ್ಟಳು, ಫ್ರಿಜ್ಜು ಕೆಟ್ಟಿದೆ. ಅಷ್ಟರಲ್ಲಿ ಟವೆಲು ಬಿಚ್ಚಿ ಗ್ಲಾಸುಗಳೂ ಕಂಡವು. ಉದ್ದ ಕಾಲು, ಅಗಲ ಬಟ್ಟಲು, ಜೋಡಿ. ಮಗ ಬೀಗರು ಬರುವ ದಿನಕ್ಕೆಂದು ದೇವರಿಗೆ ಗಾಜಿನ ದೀಪ ತಂದು, ಒಡೆಯದಿರಲಿ ಎಂದು ಅರಿವೆ ಸುತ್ತಿ ಅಡಗಿಸಿಟ್ಟಿದ್ದಾನೆ! ಇಂಥ ಮಗನನ್ನು ಇಷ್ಟು ವರ್ಷ ಬೈದೆನಲ್ಲ ಎಂದು ಅವಳಿಗೆ ಕಣ್ಣೀರೇ ಬಂತಂತೆ. ಆ ಕಣ್ಣೀರಿನ ಬಗ್ಗೆ ಅಪ್ಪ ಆಮೇಲೆ ಹೇಳಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು.

ನಾವು ಒಳಗೆ ಬಂದಾಗ ಮೊದಲು ಕಂಡದ್ದು ದೇವರ ಮಾಡ. ಎರಡೂ ಮಾರ್ಟಿನಿ ಗ್ಲಾಸು ಎಣ್ಣೆ ತುಂಬಿಕೊಂಡು, ಹೂ ಮುಡಿದು, ಶಾಂತವಾಗಿ ಉರಿಯುತ್ತಿದ್ದವು.

ಮಾವಯ್ಯ ಚಪ್ಪಲಿ ಬಿಡುತ್ತಿದ್ದವರು ಒಂದು ಕಾಲಿನಲ್ಲೇ ನಿಂತರು. ದೀಪ ನೋಡಿದರು. ನನ್ನನ್ನು ನೋಡಿದರು. ಮತ್ತೆ ದೀಪ ನೋಡಿ ಕೈಮುಗಿದರು. ಹಾರಿಕ ನನ್ನ ಕೈಯನ್ನು ಎಷ್ಟು ಬಲವಾಗಿ ಚಿವುಟಿದಳೆಂದರೆ ಗುರುತು ಮದುವೆಯವರೆಗೂ ಇರುತ್ತದೆಂದುಕೊಂಡೆ. ಮದುವೆ ಇದ್ದರೆ.

"ಬರ್ರಿ, ಬರ್ರಿ, ಬಿಸಲಾಗ ಬಂದೀರಿ, ಕೂಡ್ರಿ" ಎಂದು ಅವ್ವ ತಟ್ಟೆ ಹಿಡಿದು ಬಂದಳು. "ಏನ್ ಮಾಡೂದ್ರಿ, ಇವತ್ತೇ ಫ್ರಿಜ್ಜು ಕೆಟ್ಟು ಕೂತದ. ಗಡ್ಡಿನೇ ಕಟ್ಟವಲ್ದು. ಪುಣ್ಯಾಕ್ಕ ಒಂದು ಬಾಟ್ಲಿ ನೀರು ಥಣ್ಣಗ ಅವ." ತಟ್ಟೆಯಲ್ಲಿ ಬೆಲ್ಲದ ತುಣುಕುಗಳು, ಒಗ್ಗರಣೆ ಅವಲಕ್ಕಿ, ಒಂದು ಬಟ್ಟಲಲ್ಲಿ ಉಪ್ಪುನೀರಿನಲ್ಲಿ ಹಾಕಿಟ್ಟ ಕವಳಿಕಾಯಿ. ಮತ್ತು ಒಂದು ಸಣ್ಣ ಸ್ಟೀಲು ಲೋಟ. ಅಂಚಿನವರೆಗೆ ತುಂಬಿತ್ತು. ಹೊರಮೈ ಮೇಲೆ ಬಿಳಿ ಹಬೆ ಹತ್ತಿತ್ತು. ಲೋಟ ನಡುಗುತ್ತಿತ್ತು. ಅವ್ವನ ಕೈ ನಡುಗುತ್ತಿರಲಿಲ್ಲ.

ತಟ್ಟೆ ಇಸಿದುಕೊಳ್ಳಲು ನಾನು ಮುಂದೆ ನುಗ್ಗಿದೆ. ಅಷ್ಟರಲ್ಲಿ ಲೋಟ ಮಾವಯ್ಯನ ಕೈ ಸೇರಿತ್ತು.

ಮಾವಯ್ಯನಿಗೆ ಹಾರಿಕ ರೈಲಿನಲ್ಲೇ ಪಾಠ ಮಾಡಿದ್ದಳು, ಅವರ ಮನೆಯಲ್ಲಿ ಲೋಟಕ್ಕೆ ಬಾಯಿ ಹಚ್ಚಬೇಡ, ಎತ್ತಿ ಕುಡಿ. ಪಾಪ, ಮನುಷ್ಯ ಬೆಲ್ಲ ಬಾಯಿಗೆ ಹಾಕಿಕೊಂಡು, ಕತ್ತು ಹಿಂದಕ್ಕೆ ಹಾಕಿ, ಲೋಟ ಮೇಲೆತ್ತಿ ಧಾರೆ ಬಿಟ್ಟುಕೊಂಡರು. ಧಾರೆ ನೀರಿಗಿಂತ ಒಂದು ಗುಲಗಂಜಿ ಮಂದವಾಗಿತ್ತು. ಗಂಟಲು ಒಮ್ಮೆ ಏರಿ ಇಳಿಯಿತು.

ಲೋಟ ಗಾಳಿಯಲ್ಲೇ ನಿಂತಿತು. ಕಣ್ಣು ಮುಚ್ಚಿದ್ದವು. ಅವರ ಕಿವಿ ನಿಧಾನವಾಗಿ ಕೆಂಪಾಗತೊಡಗಿತು.

ಇಲ್ಲಿ ಅವರು ಕೆಮ್ಮಿದ್ದರೆ, ಉಗುಳಿದ್ದರೆ, "ಇದೇನಮ್ಮಾ" ಎಂದು ಒಂದು ಮಾತು ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬೀಗತನದ ಮಾತಿಗೆ ಕೂತ ದಿನ, ದೇವರ ಎದುರಿಗೆ, ಬೀಗರಿಗೆ ತನ್ನ ಕೈಯಾರೆ ಮದ್ಯ ಕೊಟ್ಟೆನೆಂದು ತಿಳಿದರೆ ಅವ್ವ ಮತ್ತೆ ತಲೆಯೆತ್ತಿ ಆ ಜನರ ಮುಖ ನೋಡುತ್ತಿರಲಿಲ್ಲ. ಅಪ್ಪ ನನ್ನ ಮುಖ ನೋಡುತ್ತಿರಲಿಲ್ಲ. ನಾನ್ನ ಹೂಂ ಅನ್ನದಿದ್ದರೆ ಬರುವುದಿಲ್ಲವೆಂದು ಹಾರಿಕ ಮೊದಲೇ ಹೇಳಿದ್ದಳು.

ಅಷ್ಟರಲ್ಲಿ ಅವ್ವ ಬಾಟಲಿಯಿಂದ ಎರಡನೇ ಲೋಟ ತುಂಬಿಸಿ ಅತ್ತೆಗೆ, ಅಂದರೆ ಹಾರಿಕಳ ತಾಯಿಗೆ, ಚಾಚಿದಳು. ಅತ್ತೆ ಕೈ ನೀಡಿದರು.

ಮಾವಯ್ಯ ಕಣ್ಣು ತೆರೆದರು. "ಪದ್ಮಾ, ನಿನಗೆ ತಣ್ಣೀರು ಬೇಡ. ಗಂಟಲು ಸರಿಯಿಲ್ಲ ಅಲ್ವಾ."

"ನನ್ ಗಂಟ್ಲಿಗೇನಾಗೈತೆ?" ಎಂದರು ಅತ್ತೆ.

"ಆಗುತ್ತೆ."

ಅತ್ತೆ ಗಂಡನ ಮುಖ ನೋಡಿದರು. ಮುಖವಲ್ಲ, ಕಿವಿ ನೋಡಿದರು. ಎಷ್ಟೋ ರವಿವಾರಗಳ ಅನುಭವ ಆ ನೋಟದಲ್ಲಿತ್ತು. ಎರಡನೇ ಲೋಟದ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು, "ಹೌದಮ್ಮ, ಎರಡು ದಿನದಿಂದ ಗಂಟ್ಲು ಕೆರಿತಾ ಐತೆ. ನಂಗೂ ಮಗಳಿಗೂ ಬಿಂದಿಗೆ ನೀರೇ ಕೊಡ್ರಿ" ಎಂದರು.

"ಅಯ್ಯ, ಹಂಗಾರ ನೀವು ತಗೋರಿ" ಎಂದು ಅವ್ವ ಲೋಟವನ್ನು ಅಪ್ಪನ ಕಡೆ ತಿರುಗಿಸಿದಳು. ಅಪ್ಪ ಕೈ ಅಡ್ಡ ಹಿಡಿದರು. "ನನಗ ಮಜ್ಜಿಗಿನs ಇರಲಿ." ಆ ಕ್ಷಣ ಮಜ್ಜಿಗೆಯ ಮೇಲೆ ನನಗೆ ಹುಟ್ಟಿದ ಗೌರವ ಇಂದಿಗೂ ಇಳಿದಿಲ್ಲ.

ಮಾವಯ್ಯ ಈಗ ಆರಾಮಾಗಿ ಕೂತರು. ತಟ್ಟೆಯ ಮೇಲೆ ಕಣ್ಣಾಡಿಸಿದರು. ಆಲಿವ್‌ನಷ್ಟೇ ಗಾತ್ರದ, ಅಷ್ಟೇ ಉಪ್ಪುಂಡ ಕವಳಿಕಾಯಿಯ ಮೇಲೆ ದೃಷ್ಟಿ ನಿಂತಿತು. ತೆಲುಗಿನವರು ಇದನ್ನು ವಾಕ್ಕಾಯ ಎಂದು ಪಪ್ಪಿಗೆ, ಅಂದರೆ ತೊವ್ವೆಗೆ, ಹಾಕುತ್ತಾರೆ. ಅವರು ಒಂದನ್ನು ಎರಡು ಬೆರಳಲ್ಲಿ ಎತ್ತಿ, ನೀರು ಜಾಡಿಸಿ, ಲೋಟದೊಳಗೆ ಬಿಟ್ಟರು. ಟಣ್ ಎಂದಿತು.

"ಅಯ್ಯ, ನೀರಾಗ ಯಾಕ ಹಾಕ್ಕೊಂಡ್ರಿ?" ಎಂದಳು ಅವ್ವ.

"ಬಿಸಿಲಿಗೆ ಒಳ್ಳೇದು ಚೆಲ್ಲೆಮ್ಮಾ." ಚೆಲ್ಲೆಮ್ಮ ಎಂದರೆ ತಂಗಿ. ಬಂದ ಐದು ನಿಮಿಷಕ್ಕೇ ಅವ್ವ ತಂಗಿಯಾಗಿದ್ದಳು. "ಹಡಗಿನಲ್ಲಿ ನಾವೆಲ್ಲ ಹೀಗೇ ಕುಡೀತಿದ್ವಿ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಲೋಟ ಖಾಲಿಯಾಯಿತು. ಅವ್ವ ಬಾಟಲಿ ಹಿಡಿದು ನಿಂತೇ ಇದ್ದಳು. "ಇನ್ನ ಸ್ವಲ್ಪ ಹಾಕ್ಲೇನ್ರಿ?"

"ಬೇಡಮ್ಮಾ. ಒಂದೇ."

"ಒಂದಕ್ಕ ಯಾರಾರ ಬಿಡ್ತಾರೇನ್ರಿ? ನಮ್ಮ ಕಡೆ ಒಂದು ಹಾಕಿ ಬಿಡೂದಿಲ್ಲ. ಇಷ್ಟs ಇಷ್ಟು."

"ಬೇಡ ಬೇಡ, ನನ್ನ ನಿಯಮ..."

"ನೀರಿಗೆಂಥಾ ನಿಯಮಾರಿ?"

ನಾನ್ನನ ಜೀವನದಲ್ಲಿ ಬಿರುಗಾಳಿ ಎಷ್ಟೋ ಬಂದು ಹೋಗಿದ್ದವು, ಯಾವುದಕ್ಕೂ ನಿಯಮ ಮುರಿದಿರಲಿಲ್ಲ ಎಂದು ಹಾರಿಕ ಆಮೇಲೆ ಹೇಳಿದಳು. ಧಾರವಾಡದ ಉಪಚಾರದೆದುರು ಮುರಿಯಿತು. ಅವ್ವ ಲೋಟದಲ್ಲಿ ಎರಡು ಬೆರಳಷ್ಟು ಬಗ್ಗಿಸಿಯೇಬಿಟ್ಟಳು. ಅವರು ಕುಡಿದರು. ಆಮೇಲೆ ಇಂಜಿನ್ ಆನ್ ಆಯಿತು.

ಎಂಥ ಮಾತು! ಇಂಜಿನ್ ರೂಮಿನ ಬೆಂಕಿ, ವಿದೇಶದ ಬಂದರುಗಳು, ಬಳ್ಳಾರಿಗೆ ಹೆಣ್ಣು ನೋಡಲು ಹೋದಾಗ ಮಂಡಕ್ಕಿಯ ಜೊತೆ ಬಂದ ಮೆಣಸಿನಕಾಯಿ ತಿಂದು ಕಣ್ಣೀರಿಟ್ಟದ್ದು. ಅಪ್ಪ ಮಜ್ಜಿಗೆ ಕಡೆಯುವ ಕ್ರಮ ಹೇಳಿದರೆ ಇವರು ಎದ್ದುಬಂದು ಕಡಗೋಲನ್ನೇ ಹಿಡಿದು ನೋಡಿದರು. "ತಿರುಗಬೇಕು, ಕುಣೀಬಾರದು" ಎಂದರು ಅಪ್ಪ. ಮಾವಯ್ಯ ಅವರ ಎರಡೂ ಕೈ ಹಿಡಿದುಕೊಂಡು, "ಇದನ್ನೇ ನಾನು ಇಷ್ಟು ವರ್ಷದಿಂದ ಹೇಳ್ತಾ ಇದ್ದೀನಿ ಅಂಡಿ, ಯಾರೂ ಕೇಳಲ್ಲ" ಎಂದರು. ಯಾವುದರ ಬಗ್ಗೆ ಎಂದು ಅಪ್ಪ ಕೇಳಲಿಲ್ಲ.

ಊಟವಾದ ಮೇಲೆ, ಹೋಳಿಗೆಯ ಎರಡನೇ ಸುತ್ತಿಗೂ ಸೋತ ಮೇಲೆ, ಮಾವಯ್ಯ ಕೈ ಒರೆಸಿಕೊಂಡು ಹೇಳಿದರು: "ಹುಡುಗ ನಮಗೆ ಒಪ್ಪಿಗೆ. ಮನೆ ಇನ್ನೂ ಹೆಚ್ಚು ಒಪ್ಪಿಗೆ. ಮುಹೂರ್ತ ನೋಡಿಸಿ."

ಬೆನ್ನಿನ ಮೇಲಿನ ತುಂಬಿದ ಸಿಲಿಂಡರನ್ನು ಯಾರೋ ಹಿಂದಿನಿಂದ ಬಂದು ಇಳಿಸಿಕೊಂಡ ಹಾಗಾಯಿತು. ಹಾರಿಕ ಅಡುಗೆಮನೆಗೆ ಹೋಗಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದ ಸದ್ದು ಮಾಡಿದಳು. ಆ ಸದ್ದನ್ನು ನಾನು ಇಲ್ಲಿಯವರೆಗೆ ಅಣಕಿಸಲು ಹೋಗಿಲ್ಲ.

ಹೊರಡುವ ಮುಂಚೆ ಮಾವಯ್ಯ ನನ್ನನ್ನು ಬಾಲ್ಕನಿಗೆ ಕರೆದರು. "ವರ್ಮೂತ್ ಒಂದು ಹನಿ ಹೆಚ್ಚು."

"ಸಾರಿ ಮಾವಯ್ಯ ಗಾರೂ." ಮೊದಲ ಬಾರಿ ಹಾಗೆ ಕರೆದದ್ದು, ನಾಲಿಗೆ ತಾನಾಗಿ ತಿರುಗಿತು.

"ಮಾಡೋದು ನಿನಗೆ ಸುಮಾರಾಗಿ ಬರುತ್ತೆ. ಕೊಡೋದು ಬರಲ್ಲ. ಅದನ್ನ ನಿಮ್ಮಮ್ಮನ ಹತ್ತಿರ ಕಲಿ. ಬಂದ, ಕೂತ, ಕೈಗೆ ಬಂತು." ಬೆಂಜ್ ಸರ್ಕಲ್ಲಿನ ಕಡೆಯ ಗದ್ದಲದತ್ತ ತಿರುಗಿದರು. "ಬೆಲ್ಲದ ಜೊತೆ ಚೆನ್ನಾಗಿರುತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ."

ಅವರನ್ನು ಸ್ಟೇಷನ್ನಿಗೆ ಬಿಟ್ಟು ಸಿಳ್ಳೆ ಹಾಕುತ್ತ ಮನೆಗೆ ಬಂದೆ. ಗೆದ್ದಿದ್ದೆ. ಮನೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಡೆದಿತ್ತು. ಇದ್ದಕ್ಕಿದ್ದಂತೆ ನಿಂತಿತು.

"ಗುರ್ಯಾ. ಬಾ ಇಲ್ಲೆ."

ಅವ್ವನ ಕೈಯಲ್ಲಿ ಅತ್ತೆ ಮುಟ್ಟದೆ ಬಿಟ್ಟ ಎರಡನೇ ಲೋಟವಿತ್ತು. ಮಧ್ಯಾಹ್ನದ ಸೆಖೆಗೆ ಅದು ಬೆಚ್ಚಗಾಗಿ ಬಾಯಿಬಿಟ್ಟಿತ್ತು. ಮಾರ್ಟಿನಿ ತಣ್ಣಗಿದ್ದರೆ ಗುಟ್ಟು ಕಾಯುತ್ತದೆ, ಬೆಚ್ಚಗಾದರೆ ಊರಿಗೆಲ್ಲ ಹೇಳುತ್ತದೆ ಎಂಬುದನ್ನು ಮಾವಯ್ಯ ನನಗೆ ಹೇಳಿರಲಿಲ್ಲ. ಅವ್ವ ಲೋಟವನ್ನು ನನ್ನ ಮೂಗಿನ ಕೆಳಗೆ ಹಿಡಿದಳು.

"ಏನಿದು?"

ನಾನು ದನಿ ಹುಡುಕಿದೆ. ಮ್ಯಾನೇಜರನ ಕೆಮ್ಮು, ಮಾವಯ್ಯನ "ಬಾಬೂ", ಅಪ್ಪನ "ಅಂಡಿ", ರೈಲಿನ ಹೆಣ್ಣುಮಗಳು, ಒಬ್ಬರೂ ನೆರವಿಗೆ ಬರಲಿಲ್ಲ. ಕೊನೆಗೆ ನನ್ನದೇ ದನಿ ಬಂತು. ಎಲ್ಲ ಹೇಳಿದೆ. ಬಡಾಯಿ, ಬಾಟಲಿ, ಬಟಾಣಿಯ ಹಿಂದಿನ ಟವೆಲು, ದೇವರ ಮುಂದೆ ಉರಿಯುತ್ತಿರುವುದು ಏನು ಎಂಬುದನ್ನೂ. ಬಾಗಿಲಲ್ಲಿ ನಿಂತಿದ್ದ ಅಪ್ಪ ಗೋಡೆಯ ಕಡೆ ತಿರುಗಿದರು. ಅವರ ಭುಜ ಕುಲುಕುತ್ತಿತ್ತು.

ಅವ್ವ ಲೋಟವನ್ನು ಮೋರಿಗೆ ಬಗ್ಗಿಸಿದಳು. ಬೂದಿ ಹಚ್ಚಿ ಒಮ್ಮೆ ತಿಕ್ಕಿದಳು, ಮೂಸಿ ನೋಡಿ ಇನ್ನೊಮ್ಮೆ ತಿಕ್ಕಿದಳು. ಬೈಗುಳ ಬರಲಿ ಎಂದು ಕಾದೆ, ಬರಲಿಲ್ಲ. ಬರದಿದ್ದರೆ ನನಗೆ ಧೈರ್ಯ ಬರುತ್ತದೆ, ಅದೇ ನನ್ನ ರೋಗ. "ಆದ್ರೂ ಅವ್ವಾ," ಎಂದೆ, "ನಾ ಬರೇ ತಂದಿಟ್ಟಿದ್ದೆ. ಬೀಗರಿಗೆ ಕುಡಿಸಿದಾಕಿ ನೀನs. ಅದೂ ಒತ್ತಾಯ ಮಾಡಿ, ಎರಡೆರಡು ಸಲ."

ಅವ್ವ ಲೋಟ ಬೋರಲು ಹಾಕಿ, ಕೈ ಒರೆಸಿಕೊಂಡು, ನನ್ನ ಕಡೆ ತಿರುಗಿದಳು.

"ನಿನ್ನ ಕೈಲೆ ಕುಡದಿದ್ರ ಎದ್ದು ಹೋಗತಿದ್ರು. ನನ್ನ ಕೈಲೆ ಕುಡದ್ರು, ಹೆಣ್ಣು ಕೊಟ್ರು. ಹೋಗು, ದೀಪಕ್ಕ ಎಣ್ಣಿ ಹಾಕು."